ಅಂಚಿಗೆ ಅಂಚು ನಿಂತ ಲೋಟಗಳು

ಒಂದು ಸ್ಟೀಲ್ ಲೋಟದ ಮೇಲೆ ಇನ್ನೊಂದನ್ನು ಬೋರಲು, ಅಂಚಿಗೆ ಅಂಚು ತಾಗುವಂತೆ ಇಟ್ಟರೆ ಸಣ್ಣ ನಡುಕಕ್ಕೂ ಅವು ಕಿಣಿಕಿಣಿ ಎನ್ನುತ್ತವೆ. ಇವತ್ತು ಉಮರಗಾದ ನನ್ನ ಬಾಡಿಗೆ ಕೋಣೆಯಲ್ಲಿ ಹೊಸ ಫ್ರಿಜ್ ಚಾಲೂ ಆಗುತ್ತಲೇ ಅದರ ಮೇಲಿನ ಲೋಟಗಳು ಸದ್ದು ಮಾಡಿದವು. ನಾನೊಬ್ಬಳೇ ನಿಂತು ನಕ್ಕೆ. ಯಾಕೆಂದು ನಿಮಗೆ ಹೇಳಲೇಬೇಕು.

ಲೋಟ ಹೀಗಿಡುವುದು ನನ್ನ ಅಜ್ಜಿಯ ರೂಢಿ. ನಾವು ಆಕೆಯನ್ನು ಆಯಿ ಎನ್ನುತ್ತೇವೆ. ನಮ್ಮ ಕಡೆ ದೊಡ್ಡ ಭೂಕಂಪವಾದಾಗ ತೊಟ್ಟಿಲಲ್ಲಿದ್ದ ನನ್ನನ್ನು ಎತ್ತಿಕೊಂಡು ಹೊರಗೆ ಓಡಿದ್ದಳಂತೆ. ಅಂದಿನಿಂದ ಕಾಸಾರಶಿರಸಿಯ ನಮ್ಮ ಮನೆಯಲ್ಲಿ ಜೋಳದ ಡಬ್ಬಿಯ ತಗಡಿನ ಮುಚ್ಚಳದ ಮೇಲೆ ಎರಡು ಲೋಟ ಕಾವಲಿಗಿದ್ದವು. ಅವುಗಳಲ್ಲಿ ನೀರು ಕುಡಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಇದು ತಮಾಷೆ. ಅಂಜಿಕೆಯ ಲಕ್ಷಣಗಳ ಮೇಲೆ ಪರೀಕ್ಷೆಯಲ್ಲಿ ಎಂಟು ಪುಟ ಬರೆದವಳು ನಾನು!

ಎಂ.ಎ. ಮುಗಿಸಿದ ವರ್ಷ ಉದಗೀರದ ಒಬ್ಬನೊಡನೆ ನನ್ನ ಮದುವೆ ನಿಶ್ಚಯವಾಗಿತ್ತು. ಹುಡುಗನನ್ನು ಪಸಂದ ಮಾಡಿದ್ದು ಆಯಿಯೇ. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳಲು ವಾರಕ್ಕೆರಡು ಸಲ ನಾನು ಬಸ್ಸಿನಲ್ಲಿ ಉದಗೀರಕ್ಕೆ ಹೋಗುತ್ತಿದ್ದೆ. ಬಸ್ಸು ಹತ್ತಿದಾಗ ಒಂದು, ನಿಲಂಗಾದಲ್ಲಿ ಒಂದು, ಶಿರೂರ ಅನಂತಪಾಳದಲ್ಲಿ ಒಂದು ಮಿಸ್ ಕಾಲ್ ಕೊಡಬೇಕೆಂದು ಆತ ಹೇಳಿದ್ದ. ಎಂಥ ಕಾಳಜಿ ಎಂದು ಹಿಗ್ಗಿದೆ. ಗೆಳತಿಯರ ಮುಂದೆ ಹೇಳಿಕೊಂಡೂ ತಿರುಗಿದೆ. ಆಮೇಲೆ ಆತ ತಿರುಗಿ ಫೋನ್ ಮಾಡಿ, ಪಕ್ಕದಲ್ಲಿ ಯಾರು ಕೂತಿದ್ದಾರೆ, ಹಿಂದೆ ನಕ್ಕವರು ಯಾರು ಎಂದು ಕೇಳತೊಡಗಿದ. ಗೆಳತಿಯರು ಆತನಿಗೆ ಸೇರಲಿಲ್ಲ, ಒಬ್ಬೊಬ್ಬರನ್ನೇ ಬಿಟ್ಟೆ. ನಿಲಂಗಾ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದು ಕಬ್ಬಿನ ಹಾಲು ಕುಡಿಯುವಾಗ ನಾನು ಗೋಡೆಗೆ ಮುಖ ಮಾಡಿ ಉತ್ತರ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಫೋನಿನ ಸದ್ದು ಆರಿಸಿ ಡಬ್ಬಿಯ ಮೇಲಿಟ್ಟಿದ್ದೆ. ಅದು ಗುರ್ ಎಂದು ನಡುಗಿತು. ತಗಡು ನಡುಗಿತು, ಲೋಟಗಳು ಕಿಣಿಕಿಣಿ ಎಂದವು. ಅಡ್ಡಾಗಿದ್ದ ಆಯಿ ಎದ್ದವಳೇ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೊಯ್ದಳು. ಎಪ್ಪತ್ತು ದಾಟಿದ ಕಾಲುಗಳು ಹಾಗೆ ಓಡಿದ್ದನ್ನು ನೀವು ನೋಡಬೇಕಿತ್ತು.

"ಭೂಕಂಪ ಅಲ್ಲ ಆಯಿ, ಫೋನು. ಅವರದು. ಬಿಡು, ನಾ ಎತ್ತಬೇಕು," ಎಂದೆ.

ಆಯಿ ಕೈ ಬಿಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ನಾ ಭೂಕಂಪಕ್ಕ ಅಂಜಿ ಓಡೀನಿ. ನೀ ಫೋನಿಗಿ ಯಾಕ ಅಂಜಿದಿ? ನೋಡ, ಕೈ ಹ್ಯಾಂಗ ನಡಗ್ಲಾಕತ್ತದ."

ಎಂಟು ಪುಟದಲ್ಲಿ ಬರೆದದ್ದೆಲ್ಲ ಅಲ್ಲಿತ್ತು: ಒಣಗಿದ ಬಾಯಿ, ಬೆವರಿದ ಅಂಗೈ, ತಪ್ಪೇನಾಯಿತೆಂದು ಮೊದಲೇ ಹುಡುಕುವ ಮನಸ್ಸು. ಒಳಗೆ ಲೋಟಗಳು ಮತ್ತೆ ಕುಣಿದವು. ನಾನು ಒಳಗೆ ಹೊರಟೆ.

"ಸುಮ್ಕ ಕೂಡು," ಎಂದಳು ಆಯಿ. "ಮೊದಲ ಹೊರಗ ಬರಬೇಕು. ಗೋಡಿ ಎಷ್ಟ ಸೀಳ್ಯಾದ ಅಂತ ಆಮ್ಯಾಲ ನೋಡಬೇಕು."

ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ತಾನು ಕೊಟ್ಟ ಮಾತು ಏನಾಗಬೇಕು ಎಂದು ಆಯಿ ಕೇಳಬಹುದೆಂದು ಕಾದೆ. ಆಕೆ ಒಳಗಿನ ಸದ್ದನ್ನೇ ಆಲಿಸುತ್ತಿದ್ದಳು.

"ಭೂಕಂಪರೆ ಒಮ್ಮಿಗಿ ನಿಂತಿತ್ತವಾ. ಇಂವಾ ನಿಂದರವಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಆಯಿ ಕಣ್ಣೊರೆಸಿಕೊಂಡು ಹೇಳಿದಳು: "ಪಸಂದ ಮಾಡಿದಾಕಿ ನಾ. ಬ್ಯಾಡ ಅಂತ ನಾನೇ ಹೇಳತೀನಿ. ಆದರ ಮೊದಲ ನೀ ಹೇಳು."

"ಬ್ಯಾಡ," ಎಂದೆ.

ಮರುದಿನ ಬೆಳಿಗ್ಗೆ ನಿಶ್ಚಯದ ಸೀರೆ, ಉಂಗುರ ಚೀಲದಲ್ಲಿಟ್ಟುಕೊಂಡು ಆಯಿಯೊಡನೆ ಉದಗೀರದ ಬಸ್ಸು ಹತ್ತಿದೆ. ಮಿಸ್ ಕಾಲ್ ಕೊಡಲಿಲ್ಲ. ಎದೆ ಢವಢವ ಎನ್ನುತ್ತಿತ್ತು, ಶಾಲೆಯ ಟ್ರಿಪ್ಪಿಗೆ ಹೊರಟವಳ ಹಾಗೆ. ನಿಲಂಗಾದಲ್ಲಿ ಇಳಿದು, ಗೋಡೆಗೆ ಬೆನ್ನು ಕೊಟ್ಟು ನಿಂತು, ನಿಂಬೆ ಹಿಂಡಿಸಿಕೊಂಡು ಎರಡು ಗ್ಲಾಸು ಕಬ್ಬಿನ ಹಾಲು ಕುಡಿದೆ.