ರೆಸಿಸ್ಟರಿನೊಳಗೆ ಕಟ್ಟಿದ ಸುಣ್ಣ

೧೯೬೮ರಲ್ಲಿ ನಾನು ಕೊಳ್ಳೇಗಾಲದ ಒಂದು ವೈರ್‌ಲೆಸ್ ಕೇಂದ್ರದಲ್ಲಿ ಪ್ರೊಬೇಷನರಿ ಎಂಜಿನಿಯರ್. ಹನೂರು, ಗೋಪಿನಾಥಂ ಕಡೆಯ ಕಾಡಿನ ಠಾಣೆಗಳಿಗೂ ದೂರದ ಜಿಲ್ಲೆಗಳಿಗೂ ಸಂದೇಶ ಕಳಿಸಲು ಬಂದಿದ್ದ ಐದು ಕಿಲೋವಾಟ್ ಟ್ರಾನ್ಸ್‌ಮಿಟರನ್ನು ಪರೀಕ್ಷಿಸಿ ಒಪ್ಪಿಸುವುದು ನನ್ನ ಕೆಲಸ.

ಪರೀಕ್ಷೆಯ ಹೊತ್ತಿನಲ್ಲಿ ಆ ಶಕ್ತಿಯನ್ನು ಆಂಟೆನಾಗೆ ಬಿಟ್ಟರೆ ಊರ ರೇಡಿಯೋಗಳೆಲ್ಲ ಕಿರುಚಿಕೊಳ್ಳುತ್ತವೆ. ಅದಕ್ಕೇ ಆಂಟೆನಾದ ಬದಲಿಗೆ ಜೋಡಿಸುವ ಲೋಡ್ ರೆಸಿಸ್ಟರ್ ಇರುವುದು. ಪಿಂಗಾಣಿ ಕೊಳವೆಯ ಹೊರಮೈಗೆ ತೆಳ್ಳನೆಯ ಇಂಗಾಲದ ಲೇಪ, ಒಳಗೆ ಹರಿಯುವ ನೀರು. ಟ್ರಾನ್ಸ್‌ಮಿಟರಿಗೆ ಅದು ಐವತ್ತು ಓಮ್‌ನ ಆಂಟೆನಾದಂತೆಯೇ ಕಾಣುತ್ತದೆ. ಬಂದ ಶಕ್ತಿ ಲೇಪದಲ್ಲಿ ಶಾಖವಾಗುತ್ತದೆ, ಶಾಖವನ್ನು ನೀರು ಹೊತ್ತೊಯ್ಯುತ್ತದೆ. ನಿಮಿಷಕ್ಕೆ ಆರು ಲೀಟರ್ ನೀರು ಹನ್ನೆರಡು ಡಿಗ್ರಿ ಬಿಸಿಯಾದರೆ ಐದು ಕಿಲೋವಾಟ್. ಎಂಥ ಚೆಂದದ ಉಪಾಯ! ಥರ್ಮಾಮೀಟರೇ ಪವರ್ ಮೀಟರ್.

ನಾನು ಅಂಗಳದ ಬಾವಿ ನೀರನ್ನು ಪಂಪಿನಿಂದ ಹಾಯಿಸಿ, ಬಿಸಿಯಾದದ್ದನ್ನು ಚರಂಡಿಗೆ ಬಿಟ್ಟೆ. ಮೂರನೇ ವಾರ ರೆಸಿಸ್ಟರ್ ಫಟ್ಟೆಂದು ಬಿರುಕುಬಿಟ್ಟಿತು. ಥರ್ಮಾಮೀಟರ್ ಆಗಲೂ ಅದೇ ಹನ್ನೆರಡು ಡಿಗ್ರಿ ಏರಿಕೆ ತೋರಿಸುತ್ತಿತ್ತು! ಇನ್ನು ಉಳಿದದ್ದು ಒಂದೇ ರೆಸಿಸ್ಟರ್. ಅದೂ ಹೋದರೆ ನೌಕರಿಗೆ ಎಳ್ಳುನೀರು ಬಿಟ್ಟಂತೆ ಎಂದು ಮೇಲಧಿಕಾರಿ ಮುಖಕ್ಕೇ ಹೇಳಿದರು. ಅದನ್ನು ಜೋಡಿಸಿ ಓಡಿಸಿದ ಎರಡು ವಾರ, ಪ್ರತಿಸಲ ಸ್ವಿಚ್ ಹಾಕಿದಾಗಲೂ ಥರ್ಮಾಮೀಟರನ್ನೇ ನೋಡುತ್ತ ಕೂತೆ.

ಪಕ್ಕದ ಬೀದಿಯಲ್ಲಿ ರಾಚಪ್ಪ ಎಂಬವರು ರೇಷ್ಮೆ ನೂಲನ್ನು ಸೋಪುನೀರಲ್ಲಿ ಬೇಯಿಸಿ, ಅಂಟು ತೆಗೆದು ಬಣ್ಣ ಹಾಕುತ್ತಿದ್ದರು. ಬಿಸಿನೀರು ಪುಕ್ಕಟೆ ಸಿಕ್ಕಿತೆಂದು ನಮ್ಮ ಕೊಳಾಯಿ ಬಾಯಲ್ಲಿ ಎರಡು ಕೊಡ ಹಿಡಿದುಕೊಂಡು ಹೋದವರು ಮರುದಿನ ಸಿಡಿಮಿಡಿಗುಟ್ಟುತ್ತ ಬಂದರು.

"ಏನ್ ನೀರ್ ಸಾ ಇದು! ಸೋಪು ನೊರೇನೇ ಬರಕಿಲ್ಲ. ಬಾವೀದಾ?"

"ಹೌದು."

"ಅದ್ಕೇ ಮತ್ತೆ! ಈ ನೀರ್ ಕಾಯ್ಸುದ್ರೆ ಅಂಡೆ ಒಳ್ಗೆ ಸುಣ್ಣ ಕಟ್ಕತದೆ. ನಾವು ಕೆರೆ ನೀರೇ ತಕಂಡ್ ಬರಾದು. ನಿಮ್ ಮಿಸೀನ್ ಬಿಚ್ ನೋಡಿ ಸಾ."

ಬಿಚ್ಚಿದೆ. ಕೊಳವೆಯ ಒಳಮೈ ತುಂಬ ಬಿಳಿ ಹಕ್ಕಳೆ! ಅಷ್ಟೇ ಶಾಖ ಆ ಸುಣ್ಣವನ್ನು ದಾಟಿ ನೀರಿಗೆ ಸೇರಲು ಲೇಪ ಮೊದಲಿಗಿಂತ ಬಹಳ ಹೆಚ್ಚು ಕಾಯಬೇಕಿತ್ತು. ನೀರಿಗೆ ಸೇರುವ ಶಾಖ ಮಾತ್ರ ಅಷ್ಟೇ ಇದ್ದದ್ದರಿಂದ ಥರ್ಮಾಮೀಟರಿಗೆ ಅದರ ಸುಳಿವೇ ಇರಲಿಲ್ಲ.

ರಾಚಪ್ಪ ಹುಣಸೆಹುಳಿ ಕಿವುಚಿ ತಂದು ಕೊಳವೆಗೆ ತುಂಬಿಸಿದರು. "ಒಂದ್ ದಿನ ನೆನೀಲಿ. ಕಡ್ಡಿ ಗಿಡ್ಡಿ ಆಕಿ ಕೆರೀಬ್ಯಾಡಿ ಕಣ್ರಿ." ಮರುದಿನ ತೊಳೆದಾಗ ಪಿಂಗಾಣಿ ಫಳಫಳ ಹೊಳೆಯಿತು. ಆ ಮನುಷ್ಯನ ತಿಳಿವಳಿಕೆಗೆ ಕೈಮುಗಿಯಬೇಕೆನಿಸಿತು, ಮುಗಿದೆ ಕೂಡ. ಆಮೇಲೆ ಕೆರೆ ನೀರನ್ನು ಸೋಸಿ ತೊಟ್ಟಿಗೆ ತುಂಬಿ, ಅದನ್ನೇ ತಣಿಸಿ ತಣಿಸಿ ಹರಿಸಿದೆ. ರೆಸಿಸ್ಟರ್ ಉಳಿಯಿತು, ಟ್ರಾನ್ಸ್‌ಮಿಟರ್ ಪಾಸಾಯಿತು.

ವರದಿಯಲ್ಲಿ ಮೊದಲ ರೆಸಿಸ್ಟರ್ ಒಡೆಯಲು ಕಾರಣ 'ತಯಾರಿಕೆಯ ದೋಷ' ಎಂದು ಆಗಲೇ ಬರೆದಿಟ್ಟಿದ್ದೆ. ಅದನ್ನು ಹೊಡೆದುಹಾಕಿ, 'ನೀರು ಎಂಥದೆಂದು ನಾನು ವಿಚಾರಿಸಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಕೆಲಸದಿಂದ ತೆಗೆಯಲಿಲ್ಲ. ಆಮೇಲೆ ಯಾವ ಊರಿಗೆ ವರ್ಗವಾದರೂ, ಪೆಟ್ಟಿಗೆ ಬಿಚ್ಚುವ ಮೊದಲು ಅಲ್ಲಿ ಬಟ್ಟೆ ಒಗೆಯುವವರನ್ನು ಹುಡುಕಿಕೊಂಡು ಹೋಗಿ ಕೇಳುತ್ತಿದ್ದೆ: "ಇಲ್ಲಿ ಯಾವ ನೀರಲ್ಲಿ ಚೆನ್ನಾಗಿ ನೊರೆ ಬರುತ್ತೆ?"