ಬೈಬೀನಳ ಮೂರನೆಯ ನುಡಿ

ಐರಿಷ್ ಮಾತಾಡುವ ನಮ್ಮ ಕೊನೆಮಾರಾ ಕಡಲಂಚಿನಲ್ಲಿ ಹಾಡುವವರಿಗೆ ಬರವಿಲ್ಲ. ಆದರೂ ಹಾಡುಗಾರ್ತಿ ಅಂದರೆ ಬೈಬೀನ್ ಒಬ್ಬಳೇ. ಪಕ್ಕದ ಮನೆಯವಳೆಂದು ಹೇಳುತ್ತಿಲ್ಲ, ನನಗೆ ಹೊಗಳುವ ಚಾಳಿಯೇ ಇಲ್ಲ. ಕಡಲಪಾಚಿ ಒಣಗಿಸಿ ಮಾರುತ್ತಾಳೆ, ಐರಿಷ್ ಕಲಿಯಲು ಬಂದವರನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕುತ್ತಾಳೆ.

ನಮ್ಮಲ್ಲಿ ಹಾಡುವವರ ಕೈಯನ್ನು ಒಬ್ಬರು ಹಿಡಿದು, ಹಾಡು ಸಾಗಿದಂತೆ ಮೆಲ್ಲಗೆ ಸುತ್ತಿಸುವುದು ರೂಢಿ. ನಲವತ್ತು ವರ್ಷ ಬೈಬೀನಳ ಕೈ ಹಿಡಿದ ತಂಗಿ ಪೆಗೀನ್ ಹೋದ ಚಳಿಗಾಲ ತೀರಿಕೊಂಡಳು. ಅದಾದ ಮೇಲೆ ಊರ ಸಭಾಂಗಣದಲ್ಲಿ ಹಾಡಲು ನಿಂತ ಬೈಬೀನ್ ಮೂರನೆಯ ನುಡಿ ಮರೆತು ಕೂತುಬಿಟ್ಟಳು. "ಇನ್ನು ಹಾಡಲ್ಲ" ಅಂದಳು. ತಿಂಗಳುಗಟ್ಟಲೆ ಹಾಡಲೂ ಇಲ್ಲ. ಬೇಲಿಯಾಚೆಯ ಆ ಮೌನ ನನಗೆ ಸಹಿಸಲಾಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಅವಳ ಮನೆಗೆ ಬಂದವನು ಲುಬೋಷ್, ಚೆಕ್ ದೇಶದ ತರುಣ, ಪದಗಳ ಹುಚ್ಚ. ಒಂದು ಸಂಜೆ ನಾನು ಹಾಲು ಕೊಡಲು ಹೋದಾಗ ಇಬ್ಬರೂ ಆಲೂಗಡ್ಡೆ ಸುಲಿಯುತ್ತಾ ವಾದಕ್ಕಿಳಿದಿದ್ದರು.

"ನಿಮ್ಮ 'ಲಾನ್' ಅಂದ್ರೆ ತುಂಬಿರೋದು. ನಮ್ಮಲ್ಲೂ 'ಲಾನ್' ಇದೆ. ಒಂದು ಸಂಸಾರ ಉಂಡು ಬದುಕೋವಷ್ಟು ಹೊಲ" ಎಂದ ಲುಬೋಷ್.

"ಹೊಟ್ಟೆ ತುಂಬ್ತಲ್ಲ, ಒಂದೇ ಆಯ್ತು!"

"ಇಲ್ಲ ಬೈಬೀನ್, ನಂಟೇ ಇಲ್ಲ. ನಮ್ಮದು ಜರ್ಮನ್ನರಿಂದ ಬಂದಿದ್ದು, ಒಡೆಯ ಉಳೋಕೆ ಕೊಟ್ಟ ನೆಲ ಅಂತ. ನಿಮ್ಮದು ತುಂಬೋದು ಅನ್ನೋ ಹಳೇ ಬೇರಿಂದ."

"ನಂಟಿಲ್ದೋರು ಒಂದೇ ಮನೇಲಿ ಇರಬಾರ್ದಾ? ನೀನೂ ನಾನೂ ಇಲ್ವಾ ಮಗಾ?"

"ಹಲವು ಹೊಲ ಅಂದ್ರೆ ನಮ್ಮದು 'ಲಾನಿ' ಆಗುತ್ತೆ. ನಿಮ್ಮದು?"

"ನಮ್ಮದು ಜಗ್ಗಲ್ಲ, ಪಕ್ಕದ ಪದಾನ ಬಗ್ಗಿಸುತ್ತೆ. ಕಡಲು 'ಮುರ್'. ಉಬ್ಬರ ತುಂಬಿ ನಿಂತ್ರೆ 'ಮುರ್' ಬಗ್ಗಿ 'ಲಾನ್ ಮಾರ' ಆಗುತ್ತೆ."

"ಅದು ಪುಸ್ತಕದಲ್ಲಿದೆ. ಜನ ನಿಜವಾಗ್ಲೂ ಹಾಗಂತಾರಾ?"

ಬೈಬೀನಳಿಗೆ ರೇಗಿತು. "ಪುಸ್ತಕವಂತೆ! ಕೇಳಿಲ್ಲಿ" ಎಂದು ಹಾಡಿಯೇ ಬಿಟ್ಟಳು. ಉಬ್ಬರದ ಮಾತಿದ್ದುದು ಆ ಮೂರನೆಯ ನುಡಿಯಲ್ಲೇ. ಹಾಡಿ ಮುಗಿಸಿದ ಮೇಲೆ ತಾನೇ ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲೇ ಅತ್ತೆ. ಸಂತೋಷಕ್ಕೆ, ಮತ್ತೇನಕ್ಕೆ?

ಭಾನುವಾರ ಸಭಾಂಗಣದಲ್ಲಿ ಅವಳನ್ನು ನಾವೇ ಎಬ್ಬಿಸಿ ನಿಲ್ಲಿಸಿದೆವು. ಎರಡು ನುಡಿ ಸಲೀಸಾಗಿ ಸಾಗಿತು. ಮೂರನೆಯದಕ್ಕೆ ಬಂದಾಗ ಹಾಡು ನಿಂತಿತು, ಅವಳ ಖಾಲಿ ಕೈ ತಂಗಿ ಕೂರುತ್ತಿದ್ದ ಕಡೆಗೆ ಚಾಚಿತು. ಲುಬೋಷ್ ಕುರ್ಚಿಗಳನ್ನು ದಾಟಿ ಓಡಿಬಂದು ಆ ಕೈ ಹಿಡಿದು ಗರಗರ ತಿರುಗಿಸತೊಡಗಿದ.

"ಬೆಣ್ಣೆ ಕಡೀತಿದ್ದೀಯೇನೋ? ಮೆಲ್ಲಗೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಬೈಬೀನಳೂ ನಕ್ಕಳು. ಆ ನಗುವಿನಲ್ಲೇ ಮೂರನೆಯ ನುಡಿ ಬಾಯಿಗೆ ಬಂತು. ಹಾಡು ಕೊನೆ ಮುಟ್ಟಿ ಜನ ಕೂಗುತ್ತಿದ್ದಂತೆ ಲುಬೋಷ್ ನಾಚಿ ಕೈ ಬಿಡಲು ಹೋದ. ಅವಳು ಬಿಡಲಿಲ್ಲ.

"ಎಲ್ಲಿಗೆ ಹೊರಟೆ ಮಗಾ? ಇನ್ನೊಂದು ಹಾಡ್ತೀನಿ."