ಮಾಸ್ತಮ್ಮ ಕಿತ್ತ ಹುಲ್ಲು

ಮಾಸ್ತಮ್ಮನಂಥ ಕೆಲಸದವಳನ್ನು ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ನಾನು ಇನ್ನೊಬ್ಬಳನ್ನು ನೋಡಲಿಲ್ಲ. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅವಳಿಂದ ಪಟ್ಟಷ್ಟು ಫಜೀತಿಯನ್ನೂ ನಾನು ಇನ್ನೊಬ್ಬರಿಂದ ಪಟ್ಟಿಲ್ಲ.

ನಾನು ಷಡಕ್ಷರಪ್ಪ. ಭದ್ರಾವತಿಯ ಒಂದು ಕಾರ್ಖಾನೆಯ ತೋಟದ ಸೆಕ್ಷನ್ನಿನಲ್ಲಿ ಮೇಸ್ತ್ರಿಯಾಗಿದ್ದೆ. ಕಾರ್ಖಾನೆಗೆ ಎಂಥ ತೋಟ ಅಂತ ನೆಂಟರು ನಗುತ್ತಿದ್ದರು. ಸಾಹೇಬರ ಬಂಗಲೆಯ ಗುಲಾಬಿ, ಗೇಟಿನ ದಾಸವಾಳ, ಗೆಸ್ಟ್ ಹೌಸಿನ ಹುಲ್ಲುಹಾಸು ಇವೆಲ್ಲ ತಾವೇ ಬೆಳೆಯುತ್ತವೆಯೇ? ನಗುವವರಿಗೇನು, ಬಾಯಿ ಇದೆ, ನಗುತ್ತಾರೆ.

ಮಾಸ್ತಮ್ಮ ಹೊಳಲೂರಿನವಳು. ಮದುವೆಗೆ ಮೊದಲೂ ಆಮೇಲೂ ಗದ್ದೆ ಕೂಲಿ ಮಾಡಿದವಳು. ಗಂಡ ನಾಗಯ್ಯ ನಮ್ಮಲ್ಲಿ ವಾಚ್‌ಮನ್ ಆಗಿದ್ದ, ಕಾಮಾಲೆಯಾಗಿ ತೀರಿಕೊಂಡ. ಅನುಕಂಪದ ಮೇಲೆ ಅವನ ಹೆಂಡತಿಗೆ ಕೆಲಸ ಕೊಟ್ಟು ನನ್ನ ಕೈಕೆಳಗೆ ಹಾಕಿದರು. ಆರು ತಿಂಗಳು ಪರೀಕ್ಷೆ. ಆಮೇಲೆ ನಾನು ವರದಿ ಬರೆಯಬೇಕು, ಅದು ಸರಿ ಇದ್ದರೆ ಖಾಯಂ. ಇಲ್ಲದಿದ್ದರೆ ಕೆಲಸವೂ ಇಲ್ಲ, ಕ್ವಾರ್ಟರ್ಸೂ ಇಲ್ಲ. ಮಗಳು ರಂಜಿನಿ ಆ ವರ್ಷ ಎಸ್ಸೆಸ್ಸೆಲ್ಸಿ.

ಕೆಲಸಕ್ಕೆ ನಿಂತರೆ ಅವಳಿಗೆ ಬಿಸಿಲು ಗೊತ್ತಿಲ್ಲ, ಬಾಯಾರಿಕೆ ಗೊತ್ತಿಲ್ಲ. ಅವರ ಕ್ವಾರ್ಟರ್ಸು ಎರಡನೇ ಮಹಡಿಯಲ್ಲಿತ್ತು, ಒಂದು ತುಳಸಿ ನೆಡೋಣ ಅಂದರೂ ಬೊಗಸೆ ಮಣ್ಣಿಲ್ಲ. ಅದಕ್ಕೇ ಡ್ಯೂಟಿಗೆ ಅರ್ಧ ಗಂಟೆ ಮೊದಲೇ ಬಂದು ಪಾತಿಯಲ್ಲಿ ಕೂತಿರುತ್ತಿದ್ದಳು. "ಮಣ್ಣು ಮುಟ್ಟಿದ್ರೇ ಅಣ್ಣ ನಂಗೆ ಊಟ ಸೇರೋದು. ರಂಜಿನಿ ಅಪ್ಪ ಹೋದ್ಮೇಲೆ ಇಲ್ಲಿಗೆ ಬಂದ್ಮೇಲೇ ನಾನು ನೆಟ್ಟಗೆ ಉಂಡಿದ್ದು" ಅಂದಿದ್ದಳು. ನನಗೆ ಮುಂಗೋಪ, ಎಲ್ಲರ ಮೇಲೂ ಹಾರಾಡುತ್ತಿದ್ದೆ. ಅವಳ ಮೇಲೆ ಹಾರಾಡಲು ಅವಳು ಕಾರಣವನ್ನೇ ಕೊಡುತ್ತಿರಲಿಲ್ಲ.

ಆ ಕಾರಣ ಕೊಟ್ಟಿದ್ದು ತೊಂಬತ್ತಾರರ ಫೆಬ್ರವರಿಯಲ್ಲಿ. ಗೆಸ್ಟ್ ಹೌಸಿನ ಮುಂದೆ ಹತ್ತಡಿ ಅಗಲ, ಮೂವತ್ತಡಿ ಉದ್ದದ ಹುಲ್ಲುಹಾಸನ್ನು ನಾನು ಕಡ್ಡಿ ಕಡ್ಡಿ ನೆಟ್ಟು ಎರಡು ವರ್ಷ ಸಾಕಿದ್ದೆ. ದಿನಾ ನೀರು ಬೀಳುವ ಜಾಗವಾದ್ದರಿಂದ ಅದರ ನಡುವೆ ಒಂದೆಲಗ, ಹೊನಗೊನ್ನೆ ಸೊಪ್ಪು ಎದ್ದಿದ್ದವು. ಗುಲಾಬಿ ಗಿಡ ತರಲು ಶಿವಮೊಗ್ಗದ ಆಲ್ಕೊಳದ ಕಡೆ ಹೊರಟವನು, ಅಲ್ಲಿಯವರೆಗೆ ಬಂಗಲೆಯ ಗುಲಾಬಿ ಪಾತಿಯಲ್ಲೇ ಇದ್ದ ಅವಳಿಗೆ ಹೇಳಿದೆ: "ನೋಡು ಮಾರಾಯ್ತಿ, ಸಂಜೆ ಒಳಗೆ ಇಲ್ಲಿ ಕಳೆ ತೆಗ್ದು ಕ್ಲೀನ್ ಮಾಡಿಡು."

ಸಂಜೆ ಬಂದು ನೋಡಿದರೆ ಹುಲ್ಲೇ ಇಲ್ಲ. ಎಲ್ಲವನ್ನೂ ಬೇರು ಸಮೇತ ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕಿದ್ದಳು. ಒಂದೆಲಗ, ಹೊನಗೊನ್ನೆ ಮಾತ್ರ ಒಂದೆಲೆಯೂ ಮುಕ್ಕಾಗದೆ ನೀರು ಹನಿಸಿಕೊಂಡು ನಿಂತಿದ್ದವು.

"ಏನೇ ಇದು?" ಅಂದೆ.

"ಸಾಕಾಗಿ ಹೋಯ್ತು ಅಣ್ಣ. ಹಾಳು ಹುಲ್ಲು, ಗದ್ದೇಲೂ ಇಷ್ಟು ಬೇರು ಬಿಡಲ್ಲ. ಸೊಪ್ಪು ಒಂದೂ ತುಳೀದೆ ಉಳಿಸಿದೀನಿ."

ಬೈಯಲು ಬಾಯಿ ತೆರೆದವನು ತಡೆದುಕೊಂಡೆ. ಮೂವತ್ತು ವರ್ಷ ಗದ್ದೆಯಲ್ಲಿ ಹುಲ್ಲು ಕಿತ್ತು ಬದುವಿನ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡವಳಿಗೆ ಹುಲ್ಲನ್ನು ನೀರು ಗೊಬ್ಬರ ಕೊಟ್ಟು ಸಾಕುತ್ತಾರೆ ಅಂತ ಯಾರು ಹೇಳಿಕೊಟ್ಟಿದ್ದರು? ನಾನೂ ಹೇಳಿರಲಿಲ್ಲ. ಈಗ ಹೇಳಿದೆ. "ನನ್ನ ಕೆಲ್ಸ ಹೋಯ್ತಾ ಅಣ್ಣ?" ಎಂದಳು.

ಅವಳ ವರದಿ ಬರೆಯಲು ಹದಿನೈದೇ ದಿನ ಉಳಿದಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು, "ಇದ್ದದ್ದು ಇದ್ದಂಗೆ ಬರೀರಿ, ಹೊಸಬ್ಳು ಅಂತ ಒಂದ್ಮಾತು ಸೇರ್ಸಿ" ಅಂದಳು. ನನ್ನ ಬುದ್ಧಿ ನೆಟ್ಟಗಿದ್ದರೆ ತಾನೇ. ಬೇರುಹುಳ ಬಿದ್ದು ಹುಲ್ಲುಹಾಸು ನಾಶವಾಯಿತು, ಉಳಿದದ್ದನ್ನು ನಾನೇ ಕೀಳಿಸಿದೆ, ಮಾಸ್ತಮ್ಮನ ಕೆಲಸ ಅತ್ಯುತ್ತಮ ಎಂದು ಬರೆದು ಕೊಟ್ಟುಬಿಟ್ಟೆ. ಮಾಸ್ತಮ್ಮನಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದೆ. ಮಗಳ ಮುಖ ನೋಡಿಕೊಂಡು ಒಪ್ಪಿದಳು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂತಾರಲ್ಲ, ಹಾಗಾಯಿತು. ಎಸ್ಟೇಟ್ ಆಫೀಸರು ನರಸಿಂಹಮೂರ್ತಿಯವರು ಹುಳ ಅಂತ ಓದಿದ್ದೇ ಗುಲಾಬಿಗೂ ಹಬ್ಬೀತು ಅಂತ ಹೆದರಿದರು. ಸ್ಟೋರ್ಸಿನಿಂದ ಔಷಧಿ ತರಿಸಿ, ಸೋಮವಾರ ಆ ಜಾಗಕ್ಕೆಲ್ಲ ಉಣಿಸಿ ಅಂತ ಆರ್ಡರು ಬಂತು. ಡಬ್ಬದ ಮೇಲೆ ತಲೆಬುರುಡೆಯ ಚಿತ್ರವಿತ್ತು.

ಇಲ್ಲದ ಹುಳಕ್ಕೆ ಔಷಧಿ ಹಾಕಿದರೆ ಆಗುವುದೇನು, ದಂಡ ಅಷ್ಟೇ ಅಂದುಕೊಂಡೆ. ಮಾಸ್ತಮ್ಮ ಡಬ್ಬ ನೋಡಿ, "ಅಣ್ಣ, ಈ ಸೊಪ್ಪು ಕಿತ್ಕೊಂಡು ಹೋಗ್ತಾರಲ್ಲ, ಅವ್ರ ಗತಿ?" ಅಂದಳು.

ಅದು ನನಗೂ ಗೊತ್ತಿದ್ದ ಸಂಗತಿಯೇ. ಬೇಸಿಗೆಯಲ್ಲಿ ಒಂದೆಲಗ ಸಿಗುತ್ತಿದ್ದುದು ಅಲ್ಲಿ ಮಾತ್ರ. ಶಾಲೆಯ ಪರೀಕ್ಷೆ ಹತ್ತಿರ ಬಂದಿತ್ತು. ನೆನಪಿನ ಶಕ್ತಿಗೆ ಒಳ್ಳೆಯದು ಅಂತ ಕ್ವಾರ್ಟರ್ಸಿನ ಲೈನುಗಳ ಹೆಂಗಸರೆಲ್ಲ ಬೆಳಿಗ್ಗೆ ಬಂದು ಮಕ್ಕಳಿಗೆ ತಂಬುಳಿ ಮಾಡಲು ಒಂದೊಂದು ಹಿಡಿ ಕೊಯ್ದು ಹೋಗುತ್ತಿದ್ದರು. ನಮ್ಮ ಮನೆಯಲ್ಲೂ ವಾರಕ್ಕೆರಡು ಸಲ ಅದೇ ತಂಬುಳಿ.

"ಕೀಳ್ಬೇಡಿ ಅಂತ ಹೇಳಿದ್ರಾಯ್ತು" ಅಂದೆ.

"ಎಷ್ಟು ಜನಕ್ಕೆ ಹೇಳ್ತೀರಿ? ತಮಿಳರ ಲೈನಿನೋರು ಬರ್ತಾರೆ, ಆ ಕಡೆ ಗೇಟಿಂದ ಬರ್ತಾರೆ. ಯಾವಾಗ ಬರ್ತಾರೋ, ಯಾರು ಕಂಡೋರು?"

"ಹಾಗಾದ್ರೆ ಸೊಪ್ಪನ್ನೂ ಕಿತ್ತು ಬಿಸಾಕು."

"ಬೇರಿಂದ ಮತ್ತೆ ಬರ್ತದೆ ಅಣ್ಣ. ನಿಮಗೆ ಗೊತ್ತಿಲ್ವಾ?"

ನನಗೆ ರೇಗಿತು. "ಹಂಗಾದ್ರೆ ಹೋಗು, ನಾನೇ ಕಿತ್ತಿದ್ದು ಅಂತ ಸಾಹೇಬ್ರಿಗೆ ಹೇಳ್ಕೋ. ನಿನ್ನ ಮಗಳ್ನ ಕರ್ಕೊಂಡು ಹೊಳಲೂರಿಗೆ ಗಂಟು ಕಟ್ಟು" ಅಂದೆ. ಸಿಟ್ಟಿನಲ್ಲಿ ಅಂದ ಮಾತು. ಅವಳು ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ನೇರ ಆಫೀಸಿಗೆ ಹೋದಳು. ಹಿಂದೆ ಓಡಿಹೋಗಿ ತಡೆಯಬಹುದಿತ್ತು. ಹೋಗಲಿಲ್ಲ.

ಒಳಗೆ ಏನು ಹೇಳಿದಳು ಅಂತ ಆಮೇಲೆ ಪ್ಯೂನ್ ಹಾಲೇಶನಿಂದ ಗೊತ್ತಾಯಿತು. "ಹುಳ ಇಲ್ಲ ಸಾಹೇಬ್ರೇ, ಹುಲ್ಲು ಕಿತ್ತಿದ್ದು ನಾನು. ಗೊತ್ತಿರ್ಲಿಲ್ಲ. ಅಲ್ಲಿಗೆ ವಿಷ ಹಾಕಿಸ್ಬೇಡಿ, ಮಕ್ಳು ತಿಂತವೆ" ಅಂದಳಂತೆ. ಕೆಲಸದ ವಿಷಯವನ್ನೇ ಎತ್ತಲಿಲ್ಲವಂತೆ.

ಮೂರ್ತಿಯವರು ಕೆಟ್ಟವರಲ್ಲ. ಔಷಧಿಯ ಡಬ್ಬ ಸ್ಟೋರ್ಸಿಗೆ ವಾಪಸಾಯಿತು. ನನ್ನನ್ನು ಕರೆಸಿ ಸುಳ್ಳು ವರದಿಗೆ ಮೆಮೊ ಕೊಟ್ಟರು. ಕೊಟ್ಟು ಹೇಳಿದರು: "ಗೊತ್ತಿಲ್ದೆ ಕಿತ್ಲು ಅಂತ ಒಂದು ಸಾಲು ಬರ್ದಿದ್ರೆ ಖಾಯಂ ಮಾಡಿ ನಿಮ್ಮಲ್ಲೇ ಬಿಡ್ತಿದ್ದೆ ಷಡಕ್ಷರಪ್ಪ. ಈಗ ನೀವಿಬ್ರೂ ಒಂದೇ ಸೆಕ್ಷನ್ನಲ್ಲಿದ್ರೆ ನನಗೆ ನಂಬಿಕೆ ಬರಲ್ಲ. ನಿಮ್ಮನ್ನ ಎತ್ತಿದ್ರೆ ತೋಟ ನೋಡೋರಿಲ್ಲ." ಮಾಸ್ತಮ್ಮನನ್ನು ಖಾಯಂ ಮಾಡಿದರು, ಕ್ಯಾಂಟೀನಿಗೆ ಹಾಕಿದರು, ತರಕಾರಿ ಹೆಚ್ಚಲು.

ಅವಳಿಗೆ ನಾನು ಹೇಳಿದ್ದು ಕೆಲಸ ಉಳಿಯಿತು ಅನ್ನುವುದನ್ನು ಮಾತ್ರ. ಕ್ಯಾಂಟೀನಿಗೆ ಯಾಕೆ ಅಂದದ್ದಕ್ಕೆ, ಅಲ್ಲಿ ಜನ ಬೇಕಾಗಿದ್ದರಂತೆ ಅಂದೆ.

ಎಂಟು ವರ್ಷ ಅವಳು ಸಿಮೆಂಟು ನೆಲದ ಮೇಲೆ ಕೂತು ದಿನಕ್ಕೆ ಇಪ್ಪತ್ತು ಕಿಲೋ ಈರುಳ್ಳಿ ಹೆಚ್ಚಿದಳು. ರಂಜಿನಿ ಪಾಸಾದಳು, ಟೀಚರ್ ಟ್ರೈನಿಂಗ್ ಮುಗಿಸಿದಳು, ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಮಾಸ್ತಮ್ಮ ಸೊರಗುತ್ತ ಬಂದಳು. ಊಟ ಸೇರುವುದಿಲ್ಲ ಅಂತ ಕ್ಯಾಂಟೀನಿನವರೇ ಹೇಳುತ್ತಿದ್ದರು. ಆರುನೂರು ಜನಕ್ಕೆ ಅಡುಗೆಯಾಗುವ ಜಾಗದಲ್ಲಿ ಕೂತವಳಿಗೆ.

ಎರಡು ಸಾವಿರದ ನಾಲ್ಕರಲ್ಲಿ ನಾನು ರಿಟೈರಾದೆ. ಕೊನೆಯ ದಿನ ಎಲ್ಲರಿಗೂ ಹೇಳಿ ಹೋಗಲು ಕ್ಯಾಂಟೀನಿಗೂ ಹೋದೆ. ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು.

"ಅಣ್ಣ, ಒಂದ್ಮಾತು ಕೇಳ್ಲಾ? ಜನ ಬೇಕಾಗಿದ್ರು ಅಂದಿದ್ದು ಬಿಡಿ, ಅವತ್ತು ನೀವು ನಿಜಾನೇ ಬರ್ದಿದ್ರೂ ನನ್ನ ತೋಟದಿಂದ ಎತ್ತಿ ಹಾಕ್ತಿದ್ರು, ಅಲ್ವಾ? ಹಂಗಂದ್ಕೊಂಡೇ ಇಷ್ಟು ವರ್ಷ ಇಲ್ಲಿ ಕೂತಿದ್ದೆ."

ಇನ್ನು ಅವಳನ್ನು ದಿನಾ ನೋಡುವುದಿಲ್ಲ, ಎದೆಯ ಮೇಲಿನ ಭಾರ ಇಳಿಸಿಬಿಡೋಣ ಅನ್ನಿಸಿತು. ಅವಳಿಗೆ ನಿಜ ಬೇಕು ಅಂತಲೂ ಅಂದುಕೊಂಡೆ.

"ಇಲ್ಲ ಮಾರಾಯ್ತಿ. ಅಲ್ಲೇ ಬಿಡ್ತಿದ್ರು. ಸಾಹೇಬ್ರು ಅವತ್ತೇ ನಂಗೆ ಹೇಳಿದ್ರು. ತಪ್ಪು ನಂದು" ಅಂದೆ.

ಅವಳ ಕೈ ನಿಂತಿತು.

"ಇದೊಂದಕ್ಕೆ ಸುಳ್ಳು ಹೇಳ್ಬಹುದಿತ್ತಲ್ಲ ಅಣ್ಣ" ಅಂದಳು.